ಎರೆಮಣ್ಣಿನ ಮೇಲೆ ಸತುವಿನ ಸೂಜಿಗಳು

ಹೊಸದಾಗಿ ಸಂಶೋಧನೆಗೆ ಸೇರುವ ಹುಡುಗ ಹುಡುಗಿಯರು ಕಂಡಾಗೆಲ್ಲ ನನ್ನನ್ನು ಕೇಳುವುದು ಒಂದೇ: ಎಷ್ಟು ಪ್ರಬಂಧ ಪ್ರಕಟವಾದವು, ಯಾವ ಹುದ್ದೆಯಲ್ಲಿ ನಿವೃತ್ತಿಯಾದಿರಿ. ಅದನ್ನು ಬಿಟ್ಟು ಉಳಿದದ್ದನ್ನು ಹೇಳೋಣವೆಂದು ಕುಳಿತಿದ್ದೇನೆ. ಅಣ್ಣಿಗೇರಿಯ ಹೊರಗೆ ಕಪ್ಪು ಎರೆಹೊಲಗಳ ನಡುವೆ ಇದ್ದ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ತಾಂತ್ರಿಕ ಅಧಿಕಾರಿಯಾಗಿದ್ದೆ. ಹೆಸರು ದೊಡ್ಡದು. ಕೆಲಸವೆಂದರೆ ಉಕ್ಕಿನ ಒಂದು ಪಾತ್ರೆಯೊಳಗಿನ ಗಾಳಿಯನ್ನು ತೆಗೆಯುವುದು, ತೆಗೆದ ಗಾಳಿ ಮತ್ತೆ ಒಳಗೆ ಬರದಂತೆ ಕಾಯುವುದು. ಆ ಪಾತ್ರೆಗೆ ನಾವು ಚೇಂಬರು ಎನ್ನುತ್ತಿದ್ದೆವು.

ಗಾಳಿಯನ್ನು ಯಾಕೆ ತೆಗೆಯಬೇಕು? ವಸ್ತುವಿನೊಳಗಿನ ಎಲೆಕ್ಟ್ರಾನು ಸುಮ್ಮನೆ ಹೊರಗೆ ಬರುವುದಿಲ್ಲ. ಹಳೆಯ ಟಿ.ವಿ.ಗಳಲ್ಲಿ ತಂತಿಯೊಂದನ್ನು ಕೆಂಪಗೆ ಕಾಯಿಸಿ ಅದನ್ನು ಹೊರಡಿಸುತ್ತಿದ್ದರು. ಕಾಯಿಸದೆಯೂ ಹೊರತೆಗೆಯಬಹುದು. ತುದಿ ಬಲು ಚೂಪಾಗಿದ್ದು, ಎದುರಿಗೆ ಹೆಚ್ಚಿನ ವೋಲ್ಟೇಜ್ ಇಟ್ಟರೆ, ಸೆಳೆತವೆಲ್ಲ ಆ ತುದಿಯಲ್ಲೇ ಕೂಡಿಕೊಂಡು ಎಲೆಕ್ಟ್ರಾನನ್ನು ಎಳೆದು ಹಾಕುತ್ತದೆ. ಹಾಗೆ ಹೊರಬಿದ್ದದ್ದು ಎದುರಿನ ಗಾಜಿನವರೆಗೆ ಅಡ್ಡಿಯಿಲ್ಲದೆ ಹೋಗಬೇಕಾದರೆ ನಡುವೆ ಗಾಳಿ ಇರಕೂಡದು. ಅಷ್ಟು ಚೂಪಾದ ತುದಿಯನ್ನು ಯಾವ ಅರದಿಂದಲೂ ಮಸೆಯಲಾಗುವುದಿಲ್ಲ. ಅದನ್ನು ಬೆಳೆಯಬೇಕು. ಸತುವಿನ ಪುಡಿಯನ್ನು ಕುಲುಮೆಯ ಕೊಳವೆಯಲ್ಲಿ ಕಾಯಿಸಿ ತುಸುವೇ ಆಮ್ಲಜನಕ ಬಿಟ್ಟರೆ ಅದು ಆಕ್ಸೈಡ್ ಆಗಿ ಕೊಳವೆಯ ಬಾಯಿಯಲ್ಲಿ ಅರಳೆಯಂತೆ ಬೆಳ್ಳಗೆ ಕೂರುತ್ತದೆ. ಕಣ್ಣಿಗೆ ಅರಳೆ, ಸೂಕ್ಷ್ಮದರ್ಶಕದಡಿ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಸೂಜಿಗಳ ಹೊಲ.

ನನ್ನನ್ನು ಈ ಕೆಲಸಕ್ಕೆ ತಂದವರು ವಿಭಾಗದ ಮುಖ್ಯಸ್ಥರಾಗಿದ್ದ ಪಾಟೀಲ ಸರ್. ಕುಂದಗೋಳದ ಕಡೆಯವರು, ಎತ್ತರದ ಆಳು, ಎತ್ತರದ ದನಿ. ಅವರಷ್ಟು ಚೆನ್ನಾಗಿ ಪಾಠ ಹೇಳಿದವರನ್ನು ನಾನು ಕಂಡಿಲ್ಲ. ಅವರಷ್ಟು ಅವಸರದವರನ್ನೂ ಕಂಡಿಲ್ಲ. ಒಮ್ಮೆ ಗಾಳಿ ಎಳೆಯುವ ಪಂಪಿನ ಎಣ್ಣೆ ಆರುವವರೆಗೆ ಕಾಯಲಾರದೆ ಪಂಪಿಗೂ ಚೇಂಬರಿಗೂ ನಡುವಿನ ಕವಾಟ ತೆರೆದುಬಿಟ್ಟರು. ಕಾದ ಎಣ್ಣೆಗೆ ಗಾಳಿ ತಾಗಿ ಅದು ಡಾಂಬರಾಗಿ ಒಳಗೆಲ್ಲ ಮೆತ್ತಿಕೊಂಡಿತು. ವಾರಗಟ್ಟಲೆ ಕೆರೆದೆವು. "ನನ್ನ ಕೈಗೇ ಬೇಡಿ ಹಾಕ್ರಿ ಇನ್ನ" ಎಂದು ತಾವೇ ನಕ್ಕರು, ತಾವೂ ತೋಳು ಮಡಚಿ ಕೆರೆದರು.

ಇನ್ನೊಂದು ಸಲದ ಅವಸರ ನಗುವಂಥದ್ದಾಗಿರಲಿಲ್ಲ. ಮಳೆಗಾಲದಲ್ಲಿ ಒಂದು ಮಾದರಿ ಯಾರೂ ಕಂಡಿರದಷ್ಟು ವಿದ್ಯುತ್ ಕೊಟ್ಟಿತು. ಸರ್ ಅಂದೇ ಪತ್ರಿಕೆಯವರನ್ನು ಕರೆಸಿದರು. ಮರುದಿನ ನಾನು ಮಾದರಿಯನ್ನು ತೆಗೆದು ಬರೀ ತಟ್ಟೆಯನ್ನಿಟ್ಟು ಅಳೆದೆ. ಅಷ್ಟೇ ವಿದ್ಯುತ್ ಬಂತು. ಸೂಜಿಗಳಿಂದ ಬಂದದ್ದಲ್ಲ ಅದು. ಮಳೆಗಾಲದ ತಂಡಿಗೆ ಒದ್ದೆಯಾಗಿದ್ದ, ತಂತಿ ಹಾಯುವ ಪಿಂಗಾಣಿಯ ಮೇಲೆ ಹರಿದು ಬಂದದ್ದು. ಸುದ್ದಿ ಆಗಲೇ ಅಚ್ಚಾಗಿತ್ತು. ಸರ್ ಅದನ್ನು ತಿದ್ದಿಸಲಿಲ್ಲ. "ಮಂದಿ ಮರೀತಾರ" ಎಂದರು. ಮಂದಿ ಮರೆತರು, ಅವರು ಮರೆಯಲಿಲ್ಲ. ಆಮೇಲೆ ಅವರಿಗೆ ಹೇಗಾದರೂ ಒಂದು ಖರೇ ಫಲಿತಾಂಶ ಬೇಕೇಬೇಕಾಗಿತ್ತು. ಮುಂದೆ ಆದದ್ದರ ಬೇರು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ನೀವು ಮಾತ್ರ ಒಂದು ನೆನಪಿಟ್ಟುಕೊಳ್ಳಿ: ಮಾದರಿಯನ್ನು ಅಳೆಯುವ ಮೊದಲು ಖಾಲಿ ತಟ್ಟೆಯನ್ನು ಅಳೆಯಿರಿ.

ನಮ್ಮ ಭಾಗದಲ್ಲಿ ಈ ಕೆಲಸಕ್ಕೆ ಮೂರು ವೈರಿಗಳು: ಕಾಳು ರಾಶಿ ಮಾಡುವ ಕಾಲದ ಧೂಳು, ಹೇಳದೆ ಕೇಳದೆ ಹೋಗುವ ಕರೆಂಟು, ಮತ್ತು ಎರೆಮಣ್ಣು. ಧೂಳಿಗೆ ಕಿಟಕಿಗಳನ್ನು ಮೇಣದ ಬಟ್ಟೆಯಿಂದ ಮುಚ್ಚಿದೆವು. ಕರೆಂಟು ಹೋದರೆ ಪಂಪು ನಿಲ್ಲುತ್ತಿತ್ತು. ತಕ್ಷಣ ಕವಾಟ ಮುಚ್ಚದಿದ್ದರೆ ಎಣ್ಣೆಯ ಆವಿ ಹಿಂದಕ್ಕೆ ನುಗ್ಗಿ ಸೂಜಿಗಳ ಮೇಲೆ ಕೂತು ತಿಂಗಳುಗಳ ದುಡಿಮೆ ಹಾಳಾಗುತ್ತಿತ್ತು. ಅದಕ್ಕೆ ನಮ್ಮಲ್ಲಿ ಎಲ್ಲರಿಗೂ ಒಂದು ಓಟ ರೂಢಿಯಾಗಿತ್ತು. ದೀಪ ಆರಿತೋ, ಯಾರು ಹತ್ತಿರವಿದ್ದಾರೋ ಅವರು ಕವಾಟಕ್ಕೆ ಓಡಬೇಕು. ಎರೆಮಣ್ಣಿನ ತಂಟೆ ಕಣ್ಣಿಗೆ ಕಾಣುವಂಥದ್ದಲ್ಲ. ಹೆಚ್ಚಿನ ವೋಲ್ಟೇಜ್ ಬಳಸುವಲ್ಲಿ ಚೇಂಬರಿನ ಉಕ್ಕಿನ ಮೈಗೆ ಒಂದು ತಂತಿ ಕಟ್ಟಿ ಅದನ್ನು ನೆಲದೊಳಗೆ ಹೂತ ತಾಮ್ರದ ಫಲಕಕ್ಕೆ ಸೇರಿಸಿರುತ್ತಾರೆ. ಅದೇ ಅರ್ಥಿಂಗ್. ಮೈಗೆ ವಿದ್ಯುತ್ ತಾಗಿದರೂ ಅದು ಮಣ್ಣಿಗೆ ಇಳಿದುಹೋಗುತ್ತದೆ. ಆದರೆ ಬೇಸಗೆಯಲ್ಲಿ ಎರೆಮಣ್ಣು ಒಣಗಿ ಬಿರುಕು ಬಿಟ್ಟು ಫಲಕದಿಂದ ದೂರ ಸರಿಯುತ್ತದೆ. ನಾವು ಬೇಸಗೆಯುದ್ದಕ್ಕೂ ಆ ಗುಂಡಿಗೆ ಉಪ್ಪುನೀರು ಹಾಕುತ್ತಿದ್ದೆವು.

ಮುಮ್ತಾಜ್ ನಮ್ಮಲ್ಲಿಗೆ ಪಿಎಚ್.ಡಿ.ಗೆ ಬಂದಾಗ ವಿಧಾನವೇ ಬದಲಾಗಿತ್ತು. ಕುಲುಮೆಯ ಕೆಂಡದಂಥ ಕಾವು ಬೇಕಾಗಿರಲಿಲ್ಲ. ಸತುವಿನ ಲವಣದ ದ್ರಾವಣವನ್ನು ಉಕ್ಕಿನ ಡಬ್ಬಿಯಲ್ಲಿ ಮುಚ್ಚಿ ಬಿಸಿ ಪೆಟ್ಟಿಗೆಯಲ್ಲಿಟ್ಟರೆ ಒಳಗಿನ ಗಾಜಿನ ಮೇಲೆ ಸೂಜಿಗಳು ಪೈರಿನಂತೆ ನೆಟ್ಟಗೆ ಬೆಳೆಯುತ್ತಿದ್ದವು. ಅವಳು ನವಲಗುಂದದವಳು. ಮನೆಯಲ್ಲಿ ತಾಯಿ ಹಾಜರಾಬಿ ಜಮಖಾನ ನೇಯುತ್ತಿದ್ದರು. ತಂದೆ ತೀರಿ ಬಹಳ ವರ್ಷವಾಗಿತ್ತು. ಮುಮ್ತಾಜ್ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಮಾತು ಜಾಸ್ತಿ, ನಗು ಜಾಸ್ತಿ. ಚಿಮಟದಲ್ಲಿ ಗಾಜಿನ ಚೂರು ಹಿಡಿದಾಗ ಮಾತ್ರ ಗಪ್ಪಾಗುತ್ತಿದ್ದಳು. ಸೂಜಿಗಳು ತೀರ ಒತ್ತಾಗಿ ಬೆಳೆದರೆ ಒಂದರ ಸೆಳೆತವನ್ನು ಇನ್ನೊಂದು ತಡೆಯುತ್ತದೆ. ಅವುಗಳನ್ನು ವಿರಳವಾಗಿ ಬೆಳೆಸುವುದನ್ನು ಅವಳು ಒಂದು ವರ್ಷ ಪಟ್ಟು ಹಿಡಿದು ಸಾಧಿಸಿದಳು.

ಮೊದಲ ಸಲ ಅವಳ ಮಾದರಿ ಹೊತ್ತಿಕೊಂಡ ದಿನ ಹಾಜರಾಬಿಯನ್ನು ಕರೆತಂದಿದ್ದಳು. ಎಲೆಕ್ಟ್ರಾನು ಬಿದ್ದಲ್ಲಿ ಬೆಳಗುವ ಪುಡಿ ಬಳಿದ ಗಾಜು ಚೇಂಬರಿನೊಳಗೆ ಇತ್ತು. ಕೋಣೆಯ ದೀಪ ಆರಿಸಿದೆವು. ವೋಲ್ಟೇಜ್ ಏರಿಸುತ್ತ ಹೋದಂತೆ ಒಂದು ಹಸಿರು ಚುಕ್ಕೆ ಬಂತು, ಇನ್ನೊಂದು ಬಂತು, ಆಮೇಲೆ ಗಾಜಿನ ತುಂಬ ಬಂದವು.

"ಯಾ ಅಲ್ಲಾ! ಮಿಂಚುಹುಳದಂಗ ಅದಾವಲ್ರಿ ಅಕ್ಕಾರ" ಎಂದರು ಹಾಜರಾಬಿ. ನನ್ನನ್ನು ಅವರು ಕರೆಯುತ್ತಿದ್ದದ್ದು ಹಾಗೆ. "ಇದರಾಗ ಏನ್ ಮಾಡ್ತೀರಿ?"

"ಅಮ್ಮಾ, ಇದರಿಂದ ಸಣ್ಣ ಎಕ್ಸ್‌ರೇ ಮಷೀನ್ ಮಾಡಬಹುದು" ಎಂದಳು ಮುಮ್ತಾಜ್. "ಕೈಯಾಗ ಹಿಡಕೊಂಡು ಹಳ್ಳಿಗೆ ಹೋಗೂವಂಥಾದ್ದು. ಅಪ್ಪಾಗ ಹುಬ್ಬಳ್ಳಿಗೆ ಹೋಗಿ ಎದಿ ಫೋಟೋ ತಗಸೂತನಕಾ ಎಷ್ಟು ತಡಾ ಆತು, ನೆನಪೈತಿಲ್ಲ?"

ಹಾಜರಾಬಿ ಚುಕ್ಕೆಗಳನ್ನು ನೋಡುತ್ತ ಮಗಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತರು.

ಎಕ್ಸ್‌ರೇ ಕೊಳವೆಯ ಮಾತು ಪಾಟೀಲ ಸರ್ ಅವರದು. ಆಗದ ಮಾತೇನಲ್ಲ, ತಂತಿ ಕಾಯಿಸಬೇಕಿಲ್ಲದ ಎಲೆಕ್ಟ್ರಾನಿನ ಮೂಲ ಸಿಕ್ಕರೆ ಯಂತ್ರ ಸಣ್ಣದಾಗುತ್ತದೆ. ಅಡ್ಡಿ ಒಂದೇ, ಬಾಳಿಕೆ. ಎಷ್ಟೇ ಗಾಳಿ ತೆಗೆದರೂ ಒಳಗೆ ಒಂದಿಷ್ಟು ಉಳಿಯುತ್ತದೆ. ಉಳಿದ ಅನಿಲದ ಕಣಗಳು ವಿದ್ಯುತ್ ಹೊತ್ತು ಬಂದು ಸೂಜಿಯ ತುದಿಗೇ ಅಪ್ಪಳಿಸುತ್ತವೆ. ತುದಿ ಮೊಂಡಾಗುತ್ತದೆ, ಚುಕ್ಕೆಗಳು ಒಂದೊಂದಾಗಿ ಆರುತ್ತವೆ. ಮುಮ್ತಾಜ್‌ಳ ಸೂಜಿಗಳೂ ಬೇಗ ಆರುತ್ತಿದ್ದವು. ಕೊನೆಗೆ ಅವಳು ಅವುಗಳ ಮೇಲೆ ಇನ್ನೊಂದು ಆಕ್ಸೈಡಿನ ತೆಳು ಹೊದಿಕೆ ಕೊಟ್ಟಳು. ಆ ಮಾದರಿ ಸಂಜೆಯಾದರೂ ಆರಲಿಲ್ಲ. ಅದು ಎಷ್ಟು ಬಾಳುತ್ತದೆಂದು ದಿನಗಟ್ಟಲೆ ಓಡಿಸಿ ನೋಡಬೇಕಿತ್ತು. ಅಷ್ಟರಲ್ಲಿ ಬೇಸಗೆ ಬಂತು. ಅನುದಾನ ಮುಂದುವರಿಸಬೇಕೋ ಬೇಡವೋ ಎಂದು ನೋಡುವ ಸಮಿತಿಯೂ ಬರಲಿತ್ತು.

ಸಮಿತಿಗೆಂದು ಕಾಲೇಜಿನ ಅಂಗಳಕ್ಕೆಲ್ಲ ಹೊಸ ಫರಸಿ ಕಲ್ಲು ಹಾಸಿದರು. ರಜೆಯಲ್ಲಿ ನಾನು ಊರಲ್ಲಿರಲಿಲ್ಲ. ಬಂದು ನೋಡಿದರೆ ಅರ್ಥಿಂಗ್ ಗುಂಡಿಯ ಮೇಲೂ ಕಲ್ಲು ಬಿದ್ದು ಸಂದಿಗೆಲ್ಲ ಸಿಮೆಂಟ್ ತುಂಬಿತ್ತು. ನೀರು ಹಾಕಲು ಜಾಗವಿರಲಿಲ್ಲ. ಕೆಲವು ದಿನಕ್ಕೆ ಮುಮ್ತಾಜ್ ಬಂದು, "ಮೇಡಂ, ಚೇಂಬರ್ ಮುಟ್ಟಿದ್ರ ಕೈ ಜುಮ್ಮಂತೈತ್ರಿ" ಎಂದಳು. ನಾನು ಅಳೆದು ನೋಡಿದೆ. ಚೇಂಬರಿಗೂ ನೆಲಕ್ಕೂ ಸಂಬಂಧವೇ ಉಳಿದಿರಲಿಲ್ಲ.

ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿಯ ಬಳಿ ಹೋದೆ. ಊರಿನ ದೊಡ್ಡ ಕಾಳಿನ ವ್ಯಾಪಾರಿ, ಮಾತಿನಲ್ಲಿ ಬಲು ಮರ್ಯಾದೆ.

"ಒಂದ ಕಲ್ಲು ತಗಸ್ರಿ ಸಾಹೇಬ್ರ, ಸಾಕು" ಎಂದೆ.

"ತಗಸೂಣಂತ್ರಿ ಮೇಡಂ. ಸಮಿತಿ ಬಂದು ಹೋಗ್ಲಿ. ನಿನ್ನೆ ಹಾಸೀವಿ, ಇವತ್ತ ಒಡದ್ರ ನೋಡಿದವ್ರು ಏನಂತಾರ?"

ಅಲ್ಲಿಂದ ನೇರವಾಗಿ ಪಾಟೀಲ ಸರ್ ಕೋಣೆಗೆ ಹೋಗಿ, ಕಲ್ಲು ಏಳುವವರೆಗೆ ಹೆಚ್ಚಿನ ವೋಲ್ಟೇಜ್ ಬೇಡ ಎಂದು ಹೇಳಿದೆ. ವೋಲ್ಟೇಜ್ ಕೊಡುವ ಪೆಟ್ಟಿಗೆಗೆ ಬೀಗವಿತ್ತು. ಹಾಕಿ ಕೀಲಿಯನ್ನು ಅವರ ಕೈಗೇ ಕೊಟ್ಟೆ. ಅವರು ಕಿಸೆಯಲ್ಲಿಟ್ಟುಕೊಂಡು "ಆತು ಬಿಡ್ರಿ" ಎಂದರು.

ಆ ವಾರ ನಾನು ಹೊಸ ಮಾದರಿಗಳ ಚಿತ್ರ ತೆಗೆಸಲು ಧಾರವಾಡಕ್ಕೆ ಹೋದೆ. ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದಾಗ ನಮ್ಮ ಪ್ರಯೋಗಾಲಯದ ಸಹಾಯಕ ಈರಪ್ಪನ ಫೋನು ಬಂತು.

"ಮೇಡಂ... ಮುಮ್ತಾಜಕ್ಕಾಗ ಕರೆಂಟ್ ಹೊಡದೈತ್ರಿ. ಹುಬ್ಬಳ್ಳಿ ದವಾಖಾನಿಗೆ ಒಯ್ದಾರ. ನೀವು ಲಗೂನ ಬರ್ರಿ." ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವಳ ಮುಖಕ್ಕೆ ಬಟ್ಟೆ ಎಳೆದಿದ್ದರು.

ಆದದ್ದು ಇಷ್ಟು. ಸಮಿತಿಗೆ ತೋರಿಸಲು ಬಾಳಿಕೆಯ ಅಳತೆ ಬೇಕೆಂದು ಸರ್ ಮುಮ್ತಾಜ್‌ಳಿಗೆ ಕೀಲಿ ಕೊಟ್ಟಿದ್ದರು. ಮಧ್ಯಾಹ್ನ ಕರೆಂಟು ಹೋಯಿತು, ಪಂಪು ನಿಂತಿತು. ವೋಲ್ಟೇಜ್ ಪೆಟ್ಟಿಗೆ ಮಾತ್ರ ಬ್ಯಾಟರಿಯ ಮೇಲೆ ನಡೆಯುತ್ತಲೇ ಇತ್ತು. ಚೇಂಬರಿನೊಳಗೆ ಅನಿಲ ಏರಿದಂತೆ ಒಳಗೇ ಕಿಡಿ ಹಾರಿ ವಿದ್ಯುತ್ ಉಕ್ಕಿನ ಮೈಗೆ ಬಂತು. ಮಣ್ಣಿಗೆ ಇಳಿಯಲು ದಾರಿಯಿಲ್ಲದೆ ಅಲ್ಲೇ ನಿಂತಿತು. ಮುಮ್ತಾಜ್ ಎಲ್ಲರಂತೆ ಕವಾಟಕ್ಕೆ ಓಡಿದಳು. ಒಂದು ಕೈ ಕವಾಟದ ಮೇಲೆ, ಇನ್ನೊಂದು ಪಕ್ಕದ ವೋಲ್ಟೇಜ್ ಪೆಟ್ಟಿಗೆಯ ಮೇಲೆ; ವಿದ್ಯುತ್ತಿಗೆ ಅವಳ ಮೈಯೇ ದಾರಿಯಾಯಿತು. ಈರಪ್ಪ ಒಣ ಕಟ್ಟಿಗೆಯಿಂದ ಅವಳನ್ನು ಬಿಡಿಸಿದಾಗ ಉಸಿರಿರಲಿಲ್ಲ.

ಅವಳ ಮಣ್ಣಿಗೆ ನಾನೂ ಹೋಗಿದ್ದೆ. ಹೆಂಗಸರೆಲ್ಲ ಮನೆಯೊಳಗೆ ಕುಳಿತಿದ್ದರು. ಮಗ್ಗದ ಮೇಲೆ ಅರ್ಧ ನೇಯ್ದ ಜಮಖಾನ ಹಾಗೇ ಇತ್ತು. ಹಾಜರಾಬಿ ಅಳುತ್ತಿರಲಿಲ್ಲ. ನನ್ನನ್ನು ನೋಡಿ, "ಬೇಟಿ ಏನ್ ತಪ್ಪು ಮಾಡಿದ್ಳ್ರಿ ಅಕ್ಕಾರ?" ಎಂದು ಕೇಳಿದರು.

"ಏನೂ ಮಾಡಿಲ್ಲ."

"ಕಾಲೇಜಿನವ್ರು ಬಂದಿದ್ರು. ಆಕೀನ ಬಟನ್ ಬಂದ್ ಮಾಡ್ಲಿಲ್ಲ, ಗಡಬಡಿ ಮಾಡಿದ್ಳು ಅಂದ್ರು."

ವೋಲ್ಟೇಜ್ ಆರಿಸಿ ಆಮೇಲೆ ಕವಾಟ ಮುಟ್ಟಬೇಕಿತ್ತು ಎಂಬುದು ಬರೆದಿಟ್ಟ ನಿಯಮ, ಅದು ಸುಳ್ಳಲ್ಲ. ಆದರೆ ಅರ್ಥಿಂಗ್ ಸರಿಯಿದ್ದಿದ್ದರೆ ಆ ಮರೆವಿಗೆ ಒಂದು ಕಿಡಿಯ ಸದ್ದಷ್ಟೇ ದಂಡವಾಗುತ್ತಿತ್ತು. ಮನುಷ್ಯರು ಮರೆಯುತ್ತಾರೆಂದೇ ಮಣ್ಣಿಗೆ ತಂತಿ ಕಟ್ಟುವುದು. ಇದನ್ನು ನಾನು ಹಾಜರಾಬಿಗೆ ಅವರಿಗೆ ತಿಳಿಯುವ ಹಾಗೆ ಹೇಳಿದೆ. ಅವರು ಕೇಳಿಸಿಕೊಂಡು, "ಆ ಜಾಗಾ ನನಗ ತೋರಸ್ರಿ" ಎಂದರು.

ವಿಶ್ವವಿದ್ಯಾಲಯದಿಂದ ವಿಚಾರಣೆಗೆ ಇಬ್ಬರು ಬಂದರು. ಕಾರ್ಯದರ್ಶಿಯವರು ಪ್ರಯೋಗಾಲಯ ತೋರಿಸಿದರು, ಗೋಡೆಯ ಮೇಲಿನ ನಿಯಮದ ಹಾಳೆ ತೋರಿಸಿದರು, ಚಹಾ ತರಿಸಿದರು. ನಾನು ಆ ಇಬ್ಬರನ್ನು ಅಂಗಳಕ್ಕೆ ಕರೆದೆ. ಅಲ್ಲಿ ಹಾಜರಾಬಿ ಬುರ್ಖಾ ಹೊದ್ದು ಬಿಸಿಲಿನಲ್ಲಿ ನಿಂತಿದ್ದರು. ಈರಪ್ಪ ಹಾರೆ ಹಿಡಿದಿದ್ದ.

"ಯಾರನ್ನ ಕೇಳಿ ಒಡಿಯಾಕ ಹತ್ತೀರಿ?" ಎಂದು ಕಾರ್ಯದರ್ಶಿ ಮೊದಲ ಸಲ ದನಿ ಏರಿಸಿದರು.

"ಒಡೀ ಈರಪ್ಪಾ" ಎಂದೆ.

ಹೊಸ ಸಿಮೆಂಟು ಗಟ್ಟಿಯಿತ್ತು. ಕಲ್ಲು ಎದ್ದಾಗ ಕೆಳಗೆ ಎರೆಮಣ್ಣು ಬಾಯಿಬಿಟ್ಟಿತ್ತು. ಬಿರುಕಿನಲ್ಲಿ ನನ್ನ ಕೈ ಮೊಣಕೈವರೆಗೆ ಇಳಿಯಿತು. ತಾಮ್ರದ ಫಲಕದ ಸುತ್ತ ಮಣ್ಣು ತಾಗಿರಲೇ ಇಲ್ಲ. ಫರಸಿ ಹಾಕುವಾಗ ಗುದ್ದಲಿ ತಾಗಿ ತಂತಿಯೂ ತುಂಡಾಗಿತ್ತು. ವಿಚಾರಣೆಯವರಲ್ಲೊಬ್ಬರು ಬಗ್ಗಿ ನೋಡಿ ಫೋಟೋ ತೆಗೆದರು. ಹಾಜರಾಬಿ ಮುಂದೆ ಬಂದು ಕುಳಿತು, ತಾವೂ ಬಿರುಕಿನಲ್ಲಿ ಕೈ ಇಳಿಸಿ ನೋಡಿದರು.

ಆಗ ಹಿಂದೆ ನಿಂತಿದ್ದ ಪಾಟೀಲ ಸರ್, "ಕೀಲಿ ನಾನ ಕೊಟ್ಟೆ" ಎಂದರು. ಹಾಜರಾಬಿಗೆ ಹೇಳಿದರು, ಬೇರೆ ಯಾರಿಗೂ ಅಲ್ಲ. "ಗಿರಿಜಾ ಮೇಡಂ ಬ್ಯಾಡಂದಿದ್ರು. ನಾ ಕೊಟ್ಟೆ."

ಹಾಜರಾಬಿ ಅವರ ಮುಖ ನೋಡಿದರು. "ನಿಮಗ ಮಕ್ಕಳದಾರೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಮೈಮೇಲಿನ ಮಣ್ಣು ಒರೆಸಿಕೊಂಡು ಬಸ್ಸಿಗೆ ಹೊರಟರು.

ಅಂಗಳದಲ್ಲಿ ಆಡಿದ ಆ ಮಾತನ್ನು ಸರ್ ಬರವಣಿಗೆಯಲ್ಲಿ ಕೊಡಲಿಲ್ಲ. ಅವರ ಹೇಳಿಕೆಯಲ್ಲಿ ಕೀಲಿಯ ಸುದ್ದಿಯೇ ಇರಲಿಲ್ಲ. ವರದಿಯಲ್ಲಿ ಅರ್ಥಿಂಗ್ ಕೊರತೆಯೂ ಬಂತು, ವಿದ್ಯಾರ್ಥಿನಿಯ ನಿರ್ಲಕ್ಷ್ಯವೂ ಬಂತು, ಎರಡೂ ಒಂದೇ ಸಾಲಿನಲ್ಲಿ. ಪ್ರಯೋಗಾಲಯಕ್ಕೆ ಬೀಗ ಬಿತ್ತು. ನನ್ನನ್ನು ಬಿ.ಎಸ್ಸಿ. ಹುಡುಗರಿಗೆ ಲೋಲಕ ತೂಗಿಸುವ ಕೆಲಸಕ್ಕೆ ಹಾಕಿದರು. ನಿವೃತ್ತಿಯಾಗುವವರೆಗೆ ಅದನ್ನೇ ಮಾಡಿದೆ. ಕಾರ್ಯದರ್ಶಿ ಎದುರಾದಾಗ ಈಗಲೂ ಕೈ ಮುಗಿಯುತ್ತಾರೆ.

ಉಳಿದದ್ದು ಮುಮ್ತಾಜ್‌ಳ ಕೆಲಸ. ಸೂಜಿಗಳ ನಡುವಿನ ಅಂತರ, ಹೊದಿಕೆಯ ಪರಿಣಾಮ, ಬಾಳಿಕೆಯ ರೇಖೆ ಎಲ್ಲ ಇದ್ದವು. ರೇಖೆ ಇಳಿಯದೆ ನೆಟ್ಟಗೆ ಬಂದು ಆ ಮಧ್ಯಾಹ್ನ ತಟ್ಟನೆ ನಿಂತಿತ್ತು. ನಾನು ಪ್ರಬಂಧ ಬರೆದು ಅವಳ ಹೆಸರನ್ನು ಮೊದಲು ಇಟ್ಟು, ಸರ್ ಅವರಿಗೆ ತೋರಿಸಲು ಅವರ ಮನೆಗೆ ಹೋದೆ. ಅವರು ಸ್ವಯಂನಿವೃತ್ತಿ ಪಡೆದಿದ್ದರು, ಅರ್ಧ ಆಳಾಗಿದ್ದರು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಒಂದೆರಡು ಕಡೆ ಲೆಕ್ಕದ ತಪ್ಪು ತಿದ್ದಿದರು, ಮೊದಲಿನ ಮೇಷ್ಟರಂತೆಯೇ. ರೇಖೆಯ ಕೆಳಗಿನ ಸಾಲಿಗೆ ಬಂದು ನಿಂತರು.

"ಇದನ್ನ ಹಿಂಗ ಬರಿಯಾಕ ಬರೂದಿಲ್ರಿ."

"ಆದದ್ದ ಹಂಗಲ್ರಿ ಸರ್."

"ಎಲ್ಲಾರೂ ಏನ್ ಬರೀತಾರ? ತಾಂತ್ರಿಕ ಕಾರಣದಿಂದ ಅಳತೆ ನಿಂತಿತು ಅಂತ ಬರೀತಾರ. ಹಂಗ ಬರೀರಿ."

"ಆಕೀ ತಾಂತ್ರಿಕ ಕಾರಣ ಅಲ್ರಿ ಸರ್."

ಅವರು ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು. "ಹಂಗಿದ್ರ ನನ್ನ ಹೆಸರು ತಗೀರಿ" ಎಂದರು. ಸಿಟ್ಟಿನಿಂದ ಅಂದರೋ ನಾಚಿಕೆಯಿಂದ ಅಂದರೋ ನನಗೆ ತಿಳಿಯಲಿಲ್ಲ. ಆ ಕೆಲಸದ ಅರ್ಧ ವಿಚಾರ ಅವರದೇ ಆಗಿತ್ತು. ಅವರ ಮೇಜಿನ ಮೇಲೆಯೇ ಅವರ ಪೆನ್ನಿನಿಂದ ಅವರ ಹೆಸರು ಹೊಡೆದು ಹಾಕಿ ಬಂದೆ. ಮರಳುವ ಹಾದಿಯುದ್ದಕ್ಕೂ ಅತ್ತೆ. ಮುಮ್ತಾಜ್‌ಗಾಗಿ ಅತ್ತೆನೋ, ನನಗೆ ವಿದ್ಯೆ ಕೊಟ್ಟ ಮನುಷ್ಯನಿಗಾಗಿಯೋ.

ಮೊದಲು ಕಳಿಸಿದ ಸಂಶೋಧನಾ ಪತ್ರಿಕೆಯವರು ಅಳತೆ ಪೂರ್ತಿಯಾಗಿಲ್ಲವೆಂದು ಮರಳಿಸಿದರು. ಎರಡನೆಯವರು ಆ ಸಾಲನ್ನು ತೆಗೆಯಿರಿ ಎಂದರು, ತೆಗೆಯಲಿಲ್ಲ. ಮೂರನೆಯದು ಸಣ್ಣ ಪತ್ರಿಕೆ, ಇದ್ದ ಹಾಗೇ ಅಚ್ಚು ಮಾಡಿತು. ಅಚ್ಚಾದ ಹಾಳೆಗಳನ್ನು ಹಿಡಿದು ನವಲಗುಂದಕ್ಕೆ ಹೋದೆ.

ಹಾಜರಾಬಿ ಮಗ್ಗದ ಮುಂದಿನಿಂದ ಎದ್ದು ನೀರು ಕೊಟ್ಟರು. ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಮಗಳ ಹೆಸರು ಎಲ್ಲಿದೆಯೆಂದು ಕೇಳಿ ಅದರ ಮೇಲೆ ಬೆರಳಾಡಿಸಿದರು. ಸೂಜಿಗಳ ಚಿತ್ರ ನೋಡಿದರು. ರೇಖೆಯ ಚಿತ್ರ ಬಂದಾಗ ಅದು ನಿಂತ ಕಡೆ ಬೆರಳಿಟ್ಟು, "ಇಲ್ಲಿ ಏನಂತ ಬರ್ದೀರಿ?" ಎಂದರು.

ಇಂಗ್ಲಿಷಿನ ಆ ಸಾಲನ್ನು ಕನ್ನಡದಲ್ಲಿ ಓದಿದೆ: "ಅಳತೆ ಮಾಡುತ್ತಿದ್ದ ಮುಮ್ತಾಜ್ ಅವರು ಅರ್ಥಿಂಗ್ ಇಲ್ಲದ ಚೇಂಬರಿನಿಂದ ವಿದ್ಯುತ್ ತಗುಲಿ ತೀರಿಕೊಂಡದ್ದರಿಂದ ಅಳತೆ ಇಲ್ಲಿಗೆ ನಿಂತಿತು."

"ಅಷ್ಟ ಏನ್ರಿ?"

"ಅಷ್ಟ."

"ಗಡಬಡಿ ಮಾಡಿದ್ಳು ಅಂತ ಇಲ್ಲಲ್ಲ?"

"ಇಲ್ರಿ."

"ಇನ್ನೊಮ್ಮೆ ಓದ್ರಿ" ಎಂದರು ಹಾಜರಾಬಿ. ನಾನು ಓದಿದೆ.